ನೂರಕ್ಕೆ ಅರವತ್ತಮೂರು

1963ರ ನವೆಂಬರ್ 23, ಶನಿವಾರ. ಲಂಡನ್ನಿನಲ್ಲಿ ಸಂಜೆ ಐದೂಕಾಲು ದಾಟಿ ಒಂದು ನಿಮಿಷ ಚಿಲ್ಲರೆ. ಬಿಬಿಸಿ ಟೆಲಿವಿಷನ್ನಿನಲ್ಲಿ ಹೊಸ ಧಾರಾವಾಹಿಯೊಂದರ ಮೊದಲ ಕಂತು ಶುರುವಾಯಿತು. ಇಪ್ಪತ್ತೈದು ನಿಮಿಷ, ಕಪ್ಪುಬಿಳುಪು. ನೋಡಿದವರು ಸುಮಾರು 44 ಲಕ್ಷ ಜನ. ಬಿಬಿಸಿಯ ಪ್ರೇಕ್ಷಕ ಸಂಶೋಧನಾ ವಿಭಾಗ ವಾಡಿಕೆಯಂತೆ ತನ್ನ ಪಟ್ಟಿಯಲ್ಲಿದ್ದ ಮನೆಗಳವರನ್ನು ಹೇಗಿತ್ತು ಎಂದು ಕೇಳಿತು. ಉತ್ತರಗಳನ್ನು ಕೂಡಿ ಭಾಗಿಸಿದಾಗ ಬಂದ ಅಂಕ ನೂರಕ್ಕೆ 63.

ಧಾರಾವಾಹಿಯ ಹೆಸರು 'ಡಾಕ್ಟರ್ ಹೂ'. ನಡುವೆ ಹದಿನಾರು ವರ್ಷದ ದೊಡ್ಡ ಬಿಡುವು ಬಂದರೂ ಆರು ದಶಕ ದಾಟಿದ, ಜಗತ್ತಿನ ಅತಿ ದೀರ್ಘ ವಿಜ್ಞಾನ ಕಥಾಮಾಲೆಗಳ ಸಾಲಿನಲ್ಲಿ ಮೊದಲು ನೆನಪಾಗುವ ಹೆಸರು. ಇಷ್ಟು ದೊಡ್ಡದಾಗಿ ಬೆಳೆದದ್ದು ಹುಟ್ಟಿದ ದಿನ ಯಾರನ್ನೂ ಕುಣಿಸಲಿಲ್ಲ ಎಂಬುದನ್ನು ಅಭಿಮಾನಿಗಳು ಒಪ್ಪಿಕೊಳ್ಳುವುದು ಕಷ್ಟ. ಅದಕ್ಕಾಗಿ ಒಂದು ವಿವರಣೆ ಬಹಳ ಹಿಂದಿನಿಂದ ಓಡಾಡುತ್ತಿದೆ: ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯ ಹತ್ಯೆಯಾಗಿತ್ತು, ಜಗತ್ತೇ ದಿಗ್ಭ್ರಮೆಯಲ್ಲಿತ್ತು, ಪಾಪ, ಆ ಕಂತನ್ನು ಯಾರು ತಾನೇ ಗಮನಿಸಿಯಾರು? ಕೇಳಲು ಚೆನ್ನಾಗಿದೆ. ದಾಖಲೆಗಳನ್ನು ನೋಡುತ್ತ ಹೋದರೆ ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ.

ಮೊದಲಿಗೆ ಈ ಧಾರಾವಾಹಿ ಯಾಕೆ ಬೇಕಾಯಿತು ಎಂಬ ಮಾತು. ಆಗ ಬ್ರಿಟನ್ನಿನ ಮನೆಗಳಲ್ಲಿ ಇದ್ದದ್ದು ಎರಡೇ ಚಾನೆಲ್: ಬಿಬಿಸಿ, ಮತ್ತು ಜಾಹೀರಾತಿನ ದುಡ್ಡಿನಿಂದ ನಡೆಯುವ ಐಟಿವಿ. ಶನಿವಾರ ಮಧ್ಯಾಹ್ನ ಬಿಬಿಸಿಯ 'ಗ್ರ್ಯಾಂಡ್‌ಸ್ಟ್ಯಾಂಡ್' ಎಂಬ ಕ್ರೀಡಾ ಕಾರ್ಯಕ್ರಮಕ್ಕೆ ಗಂಡಸರು ಕಣ್ಣು ನೆಟ್ಟು ಕೂರುತ್ತಿದ್ದರು. ಮುಸ್ಸಂಜೆ 'ಜ್ಯೂಕ್ ಬಾಕ್ಸ್ ಜ್ಯೂರಿ' ಎಂಬ ಹಾಡುಗಳ ಕಾರ್ಯಕ್ರಮಕ್ಕೆ ಹರೆಯದವರು ಬರುತ್ತಿದ್ದರು. ಇವೆರಡರ ನಡುವೆ ಒಂದು ಹೊಂಡ. ಆ ಹೊತ್ತಿಗೆ ಮಕ್ಕಳಿಗೆಂದು ಹಳೆಯ ಕಾದಂಬರಿಗಳ ನಾಟಕರೂಪ ಹಾಕುತ್ತಿದ್ದರು. ಪ್ರೇಕ್ಷಕರು ಸದ್ದಿಲ್ಲದೆ ಐಟಿವಿಗೆ ಜಾರಿಕೊಳ್ಳುತ್ತಿದ್ದರು. 1962ರ ಕೊನೆಯಲ್ಲಿ ಬಿಬಿಸಿ ನಾಟಕ ವಿಭಾಗದ ಮುಖ್ಯಸ್ಥನಾಗಿ ಬಂದ ಸಿಡ್ನಿ ನ್ಯೂಮನ್ ಆ ಹೊಂಡ ಮುಚ್ಚಬೇಕೆಂದು ಹೊರಟ.

ನ್ಯೂಮನ್ ಕೆನಡಾದ ಟೊರಾಂಟೊದವನು. ಅಲ್ಲಿಂದ ಬಂದು ಐಟಿವಿ ಜಾಲದ ಎಬಿಸಿ ಕಂಪನಿಯಲ್ಲಿ ಹೆಸರು ಮಾಡಿದ್ದ. ಬಾಯಿ ಜೋರು, ಕಾಲರಿನ ಗುಂಡಿ ಬಿಗಿದುಕೊಂಡು ಓಡಾಡುವ ಬಿಬಿಸಿಯ ಹಳಬರಿಗೆ ಅವನೊಂದು ಆಘಾತ. ಚಿಕ್ಕಂದಿನಿಂದಲೂ ವಿಜ್ಞಾನ ಕಥೆಗಳ ಹುಚ್ಚು. ಎಬಿಸಿಯಲ್ಲಿದ್ದಾಗಲೇ ಮಕ್ಕಳಿಗಾಗಿ ಬಾಹ್ಯಾಕಾಶದ ಧಾರಾವಾಹಿಗಳನ್ನು ಮಾಡಿಸಿದ್ದ. ವಿಜ್ಞಾನ ಕಥೆಗಳು ಟಿ.ವಿ.ಗೆ ಒಗ್ಗುತ್ತವೆಯೇ ಎಂದು ಬಿಬಿಸಿಯೊಳಗೂ 1962ರಲ್ಲೇ ಎರಡು ವರದಿಗಳು ತಯಾರಾಗಿದ್ದವು. ಧಾರಾವಾಹಿ ವಿಭಾಗದ ಡೊನಾಲ್ಡ್ ವಿಲ್ಸನ್, ಬರಹಗಾರ ಸಿ. ಇ. ವೆಬರ್ ಮುಂತಾದವರು ಕೂತು ಚರ್ಚಿಸಿದರು. ಕೊನೆಗೆ ರೂಪುಗೊಂಡದ್ದು ಇದು: ಕಾಲದಲ್ಲೂ ಆಕಾಶದಲ್ಲೂ ಓಡಾಡುವ ಯಂತ್ರ, ಅದರ ಒಡೆಯನಾದ ಒಬ್ಬ ಸಿಡುಕ ಮುದುಕ, ಅವನ ಜೊತೆ ಇಬ್ಬರು ಮೇಷ್ಟ್ರುಗಳು ಮತ್ತು ಒಬ್ಬ ಹುಡುಗಿ. ಹಿಂದಕ್ಕೆ ಹೋದರೆ ಇತಿಹಾಸ, ಮುಂದಕ್ಕೆ ಹೋದರೆ ವಿಜ್ಞಾನ. ಮಕ್ಕಳು ಕಥೆ ನೋಡುತ್ತ ಪಾಠ ಕಲಿಯಬೇಕು. ಅದಕ್ಕೇ ಮೇಷ್ಟ್ರುಗಳಲ್ಲಿ ಒಬ್ಬಳದು ಇತಿಹಾಸ, ಇನ್ನೊಬ್ಬನದು ವಿಜ್ಞಾನ. ಉಬ್ಬುಗಣ್ಣಿನ ರಾಕ್ಷಸರು ಮಾತ್ರ ಬೇಡವೇ ಬೇಡ ಎಂದು ನ್ಯೂಮನ್ ಕಟ್ಟಪ್ಪಣೆ ಮಾಡಿದ್ದ. ಈ ಅಪ್ಪಣೆಯನ್ನು ನೆನಪಿಟ್ಟುಕೊಂಡಿರಿ.

ನಿರ್ಮಾಪಕಿಯಾಗಿ ಅವನು ಕರೆತಂದದ್ದು ಎಬಿಸಿಯಲ್ಲಿ ತನ್ನ ಕೈಕೆಳಗೆ ಸಹಾಯಕಿಯಾಗಿದ್ದ ವೆರಿಟಿ ಲ್ಯಾಂಬರ್ಟಳನ್ನು. ವಯಸ್ಸು 27. ಬಿಬಿಸಿ ನಾಟಕ ವಿಭಾಗದ ಅತಿ ಕಿರಿಯ ನಿರ್ಮಾಪಕಿ, ಆಗ ಅಲ್ಲಿದ್ದ ಏಕೈಕ ಮಹಿಳಾ ನಿರ್ಮಾಪಕಿಯೂ ಹೌದು. ನಿರ್ದೇಶಕ ಇನ್ನೂ ಚಿಕ್ಕವನು: 24ರ ವಾರಿಸ್ ಹುಸೇನ್. ಲಖನೌದಲ್ಲಿ 1938ರಲ್ಲಿ ಹುಟ್ಟಿ, ಎಂಟರ ಆಸುಪಾಸಿನಲ್ಲಿ ತಂದೆತಾಯಿಯ ಜೊತೆ ಇಂಗ್ಲೆಂಡಿಗೆ ಬಂದು, ಕೇಂಬ್ರಿಜ್‌ನಲ್ಲಿ ಓದಿದವನು. ತಾಯಿ ಅತಿಯಾ ಹುಸೇನ್, ದೇಶ ವಿಭಜನೆಯ ಹಿನ್ನೆಲೆಯ 'ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್' ಕಾದಂಬರಿ ಬರೆದಾಕೆ. ಬಿಬಿಸಿಯ ಪೂರ್ವದೇಶಗಳ ಪ್ರಸಾರ ವಿಭಾಗದಲ್ಲಿ ಕೆಲಸ ಮಾಡಿದಾಕೆ. ಬ್ರಿಟಿಷರ ಅಚ್ಚುಮೆಚ್ಚಿನ ಧಾರಾವಾಹಿಗೆ ಮೊದಲ ಬಾರಿ 'ಆ್ಯಕ್ಷನ್' ಹೇಳಿದವನು ಲಖನೌದ ಹುಡುಗ ಎಂಬುದನ್ನು ನಮ್ಮ ಪತ್ರಿಕೆಗಳು ಯಾಕೋ ಅಷ್ಟಾಗಿ ಹೇಳಿಕೊಂಡಿಲ್ಲ. ಒಬ್ಬಳು ಹೆಣ್ಣು, ಇನ್ನೊಬ್ಬ ಭಾರತೀಯ, ಇಬ್ಬರನ್ನೂ ಕರೆಸಿದವನು ಕೆನಡಾದವನು, ಕಥೆ ಬರೆದ ಆಂಟನಿ ಕೋಬರ್ನ್ ಆಸ್ಟ್ರೇಲಿಯಾದವನು. ಬಿಬಿಸಿಯ ಗಂಭೀರ ಹಜಾರಗಳಲ್ಲಿ ಈ ತಂಡವನ್ನು ಕಂಡು ಹುಬ್ಬೇರಿಸಿದವರು ಕಡಿಮೆಯಿರಲಿಲ್ಲ.

ಕೋಬರ್ನ್ ಬರೆದದ್ದು ಮೊದಲ ಕಥೆಯಾಗಬೇಕೆಂದೇನೂ ಇರಲಿಲ್ಲ. ಮೊದಲಿಗೆ ಯೋಚಿಸಿದ್ದು ಯಾತ್ರಿಕರು ಬೆರಳುದ್ದಕ್ಕೆ ಕುಗ್ಗಿಹೋಗುವ ಕಥೆ, ವೆಬರ್ ಬರೆದದ್ದು. ಅದಕ್ಕೆ ಬೇಕಾದ ಕ್ಯಾಮೆರಾ ಚಮತ್ಕಾರ ತಮಗೆ ಸಿಕ್ಕ ಸ್ಟುಡಿಯೊದಲ್ಲಿ ಆಗದು ಎಂದು ಬಿಟ್ಟರು. ಎರಡನೆಯದೆಂದು ಇಟ್ಟಿದ್ದ ಶಿಲಾಯುಗದ ಕಥೆ ಮುಂದಕ್ಕೆ ಬಂತು. ಲ್ಯಾಂಬರ್ಟಳಿಗಾಗಲೀ ಹುಸೇನನಿಗಾಗಲೀ ಆ ಗುಹಾಮಾನವರ ಮೇಲೆ ಪ್ರೀತಿಯಿರಲಿಲ್ಲ. ಆದರೆ ಬೇರೆ ಕಥೆ ಸಿದ್ಧವಿರಲಿಲ್ಲ, ದಿನಗಳು ಓಡುತ್ತಿದ್ದವು. ಮುಂದೆ ಬಂದ ಸಪ್ಪೆ ಪ್ರತಿಕ್ರಿಯೆಯ ಅರ್ಧ ಕಾರಣ ಇಲ್ಲೇ ಇದೆ ಎಂದು ನನ್ನ ಅನಿಸಿಕೆ.

ಸ್ಟುಡಿಯೊದ ಕಥೆಯಂತೂ ಬೇರೆಯೇ. ಪಶ್ಚಿಮ ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿದ್ದ ಲೈಮ್ ಗ್ರೋವ್, ಒಂದು ಕಾಲದಲ್ಲಿ ಗೋಮಾಂಟ್ ಕಂಪನಿಯ ಸಿನಿಮಾ ಸ್ಟುಡಿಯೊ. ಅದರ 'ಡಿ' ಅಂಕಣ ಇಕ್ಕಟ್ಟು, ಕ್ಯಾಮೆರಾಗಳು ಹಳತು, ದೀಪಗಳ ಝಳಕ್ಕೆ ಬೆಂಕಿ ಆರಿಸುವ ನೀರಿನ ಕೊಳವೆಗಳೇ ತಾವಾಗಿ ಚಿಮ್ಮುತ್ತಿದ್ದವಂತೆ. ಒಂದು ಕಂತಿಗೆ ಗೊತ್ತುಮಾಡಿದ ಹಣ ಸುಮಾರು 2,300 ಪೌಂಡ್. ವಾರವಿಡೀ ತಾಲೀಮು, ಶುಕ್ರವಾರ ಸಂಜೆ ಮುದ್ರಣ. ಟೇಪನ್ನು ಕತ್ತರಿಸಿ ಜೋಡಿಸುವುದು ದುಬಾರಿಯಾದ್ದರಿಂದ ನಾಟಕ ಆಡಿದಂತೆ ಒಂದೇ ಓಟದಲ್ಲಿ ಮುಗಿಸಬೇಕು. ಮಾತು ತೊದಲಿದರೂ ಬಾಗಿಲು ಕೈಕೊಟ್ಟರೂ ಮುಂದಕ್ಕೆ ನಡೆಯಬೇಕು.

1963ರ ಸೆಪ್ಟೆಂಬರ್ 27ರಂದು ಮುದ್ರಿಸಿದ ಮೊದಲ ಯತ್ನದಲ್ಲಿ ಬಾಗಿಲು ನಿಜಕ್ಕೂ ಕೈಕೊಟ್ಟಿತು. ಕಾಲಯಂತ್ರದ ಒಳಕೋಣೆಯ ಬಾಗಿಲುಗಳು ಸರಿಯಾಗಿ ಮುಚ್ಚದೆ ದೃಶ್ಯದುದ್ದಕ್ಕೂ ಬಡಿದಾಡಿದವು. ಅದಕ್ಕಿಂತ ದೊಡ್ಡ ತಕರಾರು ಮುದುಕನ, ಅಂದರೆ ಡಾಕ್ಟರನ, ಪಾತ್ರದ್ದು. ನಟ ವಿಲಿಯಂ ಹಾರ್ಟ್ನೆಲ್‌ಗೆ ಆಗ 55. ಸಿನಿಮಾಗಳಲ್ಲಿ ಗದರುವ ಸಾರ್ಜೆಂಟನಾಗಿ ಜನಕ್ಕೆ ಗೊತ್ತಿದ್ದವನು. ಅವನ ಡಾಕ್ಟರ್ ಮೊದಲ ಯತ್ನದಲ್ಲಿ ಬರೀ ಕಹಿ, ಬರೀ ಕ್ರೌರ್ಯ. ನೋಡಿದ ನ್ಯೂಮನ್ ನಿರ್ಮಾಪಕಿಯನ್ನೂ ನಿರ್ದೇಶಕನನ್ನೂ ಒಂದು ಚೀನೀ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋಗಿ, ನಿಮ್ಮಿಬ್ಬರನ್ನೂ ಕೆಲಸದಿಂದ ತೆಗೆಯಬೇಕು, ತೆಗೆಯುವುದಿಲ್ಲ, ಹೋಗಿ ಇನ್ನೊಮ್ಮೆ ಮಾಡಿ ಎಂದನಂತೆ. ಅಕ್ಟೋಬರ್ 18ರಂದು ಇಡೀ ಕಂತನ್ನು ಮತ್ತೆ ಮುದ್ರಿಸಿದರು. ಮುದುಕನ ಕಹಿಯಲ್ಲಿ ಸ್ವಲ್ಪ ತುಂಟತನ ಬೆರೆಯಿತು, ಅವನ ಮೊಮ್ಮಗಳಾದ ಹುಡುಗಿ ತಾನು 49ನೇ ಶತಮಾನದವಳೆಂದು ಹೇಳುತ್ತಿದ್ದ ಮಾತು ಹೋಗಿ ಬೇರೊಂದು ಕಾಲ, ಬೇರೊಂದು ಲೋಕದವಳು ಎಂಬ ಮಸುಕು ಬಂತು. ಈ ಬದಲಾವಣೆಯಿಂದ ಆದ ಲಾಭವನ್ನು ಲೆಕ್ಕ ಹಾಕಲಾಗದು. ಶತಮಾನದ ಅಂಕಿ ಕೊಟ್ಟಿದ್ದರೆ ಡಾಕ್ಟರ್ ಎಲ್ಲಿಯವನು ಎಂಬ ಪ್ರಶ್ನೆ ಅಲ್ಲೇ ಮುಗಿಯುತ್ತಿತ್ತು. ಕೊಡದೆ ಇದ್ದುದರಿಂದ ಬರಹಗಾರರು ಇವತ್ತಿಗೂ ಅದರ ಮೇಲೆ ಬದುಕುತ್ತಿದ್ದಾರೆ.

ಅದೇ ಅಕ್ಟೋಬರಿನಲ್ಲಿ ಕಾರ್ಯಕ್ರಮಗಳ ಅಧಿಕಾರಿ ಡೊನಾಲ್ಡ್ ಬೇವರ್‌ಸ್ಟಾಕ್ ಖರ್ಚಿನ ಪಟ್ಟಿ ನೋಡಿ ಸಿಟ್ಟಾದ. ಕಾಲಯಂತ್ರದ ಸೆಟ್ಟಿಗೆ ತಗುಲಿದ ಹಣ ಅವನ ಕಣ್ಣು ಕುಕ್ಕಿತ್ತು. ನಾಲ್ಕು ಕಂತಿಗೆ ನಿಲ್ಲಿಸಿ ಎಂಬ ಮಾತು ಬಂತು; ವಿಲ್ಸನ್ ಮತ್ತು ಲ್ಯಾಂಬರ್ಟ್ ಓಡಾಡಿ ಹದಿಮೂರಕ್ಕೆ ಒಪ್ಪಿಸಿದರು. ಬಿಬಿಸಿಯದೇ ಪತ್ರಿಕೆ 'ರೇಡಿಯೊ ಟೈಮ್ಸ್'ನ ಆ ವಾರದ ಮುಖಪುಟ ಹೊಸ ಧಾರಾವಾಹಿಗೆ ಸಿಗಬೇಕಿತ್ತು, ರೇಡಿಯೊ ಹಾಸ್ಯಗಾರ ಕೆನೆತ್ ಹಾರ್ನ್‌ಗೆ ಹೋಯಿತು. ಅಂದರೆ ವೀಕ್ಷಕರು ಮೂಗು ಮುರಿಯುವ ಮೊದಲೇ ಮನೆಯವರು ಮುರಿದಿದ್ದರು.

ಇನ್ನು ನವೆಂಬರ್ 22ರ ಶುಕ್ರವಾರ. ಡಲ್ಲಾಸ್‌ನಲ್ಲಿ ಗುಂಡು ಹಾರಿದಾಗ ಲಂಡನ್ನಿನಲ್ಲಿ ಸಂಜೆ ಆರೂವರೆ. ಬಿಬಿಸಿಯ ದೊಡ್ಡವರೆಲ್ಲ ಡಾರ್ಚೆಸ್ಟರ್ ಹೋಟೆಲಿನಲ್ಲಿ ಟಿ.ವಿ. ನಿರ್ಮಾಪಕರ ಸಂಘದ ವಾರ್ಷಿಕ ಔತಣದಲ್ಲಿದ್ದರು. ಸುದ್ದಿ ಬಂದಾಗ ಏನು ಹಾಕಬೇಕೆಂದು ತೀರ್ಮಾನಿಸುವವರೇ ಇಲ್ಲ. ಸಾವಿನ ಸುದ್ದಿ ಹೇಳಿ, ತಿರುಗುವ ಭೂಗೋಳದ ಚಿತ್ರ ತೋರಿಸಿ, ಸ್ವಲ್ಪ ಹೊತ್ತು ಶೋಕಸಂಗೀತ ಹಾಕಿ, ಆಮೇಲೆ ಪಟ್ಟಿಯಲ್ಲಿದ್ದಂತೆ ಹ್ಯಾರಿ ವರ್ತ್‌ನ ಹಾಸ್ಯ ಕಾರ್ಯಕ್ರಮ ಬಿಟ್ಟರು. ಕಚೇರಿಯ ಫೋನುಗಳು ಬಿಡುವಿಲ್ಲದೆ ಬಡಿದುಕೊಂಡವು. ಅದೇ ದಿನ ಇನ್ನಿಬ್ಬರು ತೀರಿಕೊಂಡಿದ್ದರು. ಕೆನಡಿಯ ನೆರಳಿನಲ್ಲಿ ಅವರ ಸಾವು ಪತ್ರಿಕೆಗಳ ಒಳಪುಟ ಸೇರಿತು. ಒಬ್ಬ 'ಬ್ರೇವ್ ನ್ಯೂ ವರ್ಲ್ಡ್' ಬರೆದ ಆಲ್ಡಸ್ ಹಕ್ಸ್ಲಿ, ಇನ್ನೊಬ್ಬ ಮಂಗಳ ಮತ್ತು ಶುಕ್ರಗ್ರಹಗಳಿಗೆ ಕಾದಂಬರಿಯಲ್ಲಿ ಯಾತ್ರೆ ಹೋದ ಸಿ. ಎಸ್. ಲೂಯಿಸ್. ಇಂಗ್ಲಿಷ್ ಕಲ್ಪನಾಲೋಕದ ಇಬ್ಬರು ಹಿರಿಯರು ಹೋದ ಮರುದಿನ ಈ ಕಂತು ಬಂತು. ಕೆನಡಿಯ ಮಾತೆತ್ತುವವರು ಇದನ್ನೇಕೆ ಹೇಳುವುದಿಲ್ಲವೋ.

ಆ ಶುಕ್ರವಾರ ಸಂಜೆ ಲೈಮ್ ಗ್ರೋವ್‌ನಲ್ಲಿ ನಡೆಯುತ್ತಿದ್ದ ಕೆಲಸ ಇನ್ನೂ ಸ್ವಾರಸ್ಯದ್ದು. ಧಾರಾವಾಹಿಯ ಎರಡನೆಯ ಕಥೆಯ ಎರಡನೆಯ ಕಂತಿನ ಮುದ್ರಣ. ಲೋಹದ ಚಿಪ್ಪಿನೊಳಗೆ ಕೂತು ಕಿರಿಚುವ 'ಡಾಲೆಕ್' ಎಂಬ ಜೀವಿಗಳು ಮೊದಲ ಬಾರಿ ಇಡಿಯಾಗಿ ಕಾಣಿಸಿಕೊಳ್ಳುವ ಕಂತು ಅದು. ಕೆನಡಿ ಸತ್ತ ಸುದ್ದಿ ತಂಡಕ್ಕೆ ಮುಟ್ಟಿದ್ದು ಆ ಗದ್ದಲದ ನಡುವೆ.

ಶನಿವಾರ ಸಂಜೆ. ದಂತಕಥೆಗಳಲ್ಲಿ ಕಂತು ಹತ್ತು ನಿಮಿಷ ತಡವಾಯಿತು. ದಾಖಲೆಯಲ್ಲಿ ಒಂದು ನಿಮಿಷ ಇಪ್ಪತ್ತು ಸೆಕೆಂಡು. ರಾನ್ ಗ್ರೇನರ್ ಕಾಗದದ ಮೇಲೆ ಬರೆದುಕೊಟ್ಟು, ಡೇಲಿಯಾ ಡರ್ಬಿಶೈರ್ ಟೇಪಿನ ಚೂರುಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಕಟ್ಟಿದ, ಒಂದೇ ಒಂದು ವಾದ್ಯವನ್ನೂ ಎಂದಿನಂತೆ ನುಡಿಸದ ಆ ಸಂಗೀತ ಹೊಮ್ಮಿತು. ಮಂಜು ಕವಿದ ರಾತ್ರಿ, ಗುಜರಿ ಸಾಮಾನಿನ ಅಂಗಳ, ಅದರ ಮಧ್ಯೆ ನಿಂತು ಗುಂಯ್‌ಗುಡುವ ಪೊಲೀಸ್ ಪೆಟ್ಟಿಗೆ. ಲಂಡನ್ನಿನ ಬೀದಿಬೀದಿಯಲ್ಲಿ ನಿಂತಿರುತ್ತಿದ್ದ, ಪೊಲೀಸರಿಗೆ ಫೋನು ಮಾಡಲು ಇಟ್ಟ ನೀಲಿ ಗೂಡು ಅದು. ಇಂದಿನ ಮಕ್ಕಳಿಗೆ ಅದು ಕಾಲಯಂತ್ರವಲ್ಲದೆ ಬೇರೇನೂ ಅಲ್ಲ. ಅಂದು ನೋಡಿದವರಿಗೆ ಮೂಲೆ ಅಂಗಡಿಯಷ್ಟೇ ಸಾಮಾನ್ಯ ವಸ್ತು.

ಕಥೆ ಇಷ್ಟೇ. ಕೋಲ್ ಹಿಲ್ ಶಾಲೆಯ ಇಬ್ಬರು ಮೇಷ್ಟ್ರುಗಳು, ಬಾರ್ಬರಾ ಮತ್ತು ಇಯಾನ್, ಸೂಸನ್ ಎಂಬ ವಿದ್ಯಾರ್ಥಿನಿಯ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ವಿಜ್ಞಾನದಲ್ಲಿ ಮೇಷ್ಟ್ರಿಗಿಂತ ಮುಂದೆ, ಆದರೆ ಒಂದು ಪೌಂಡಿಗೆ ಎಷ್ಟು ಶಿಲ್ಲಿಂಗ್ ಎಂದರೆ ತಡವರಿಸುತ್ತಾಳೆ. ನೀವಿನ್ನೂ ದಶಮಾನ ಪದ್ಧತಿಗೆ ಬಂದಿಲ್ಲವಲ್ಲ, ಮರೆತೆ ಎನ್ನುತ್ತಾಳೆ. ತರಗತಿ ನಗುತ್ತದೆ. ಬ್ರಿಟನ್ ಆ ಪದ್ಧತಿಗೆ ಬಂದದ್ದು 1971ರಲ್ಲಿ. ನಮ್ಮಲ್ಲಿ 1957ರ ಏಪ್ರಿಲ್‌ನಲ್ಲೇ ಆಣೆಗಳು ಹೋಗಿ ನಯಾ ಪೈಸೆ ಬಂದಿತ್ತಾದ್ದರಿಂದ, ಅಂದು ಮೈಸೂರಿನದೋ ಧಾರವಾಡದ್ದೋ ಒಬ್ಬ ಹುಡುಗಿ ಆ ತರಗತಿಯಲ್ಲಿ ಕೂತಿದ್ದರೆ ಅವಳೂ ಹಾಗೇ ತಡವರಿಸುತ್ತಿದ್ದಳು! ಇರಲಿ. ಮೇಷ್ಟ್ರುಗಳು ಹುಡುಗಿಯ ಹಿಂದೆ ಹೋಗಿ ಗುಜರಿ ಅಂಗಳ ಹೊಗುತ್ತಾರೆ, ಕೆಮ್ಮುವ ಮುದುಕನೊಬ್ಬ ಎದುರಾಗುತ್ತಾನೆ, ನುಗ್ಗಿ ಪೆಟ್ಟಿಗೆಯ ಬಾಗಿಲು ದಾಟಿದರೆ ಒಳಗೆ ಬೆಳ್ಳಗೆ ಬೆಳಗುವ ವಿಶಾಲ ಕೋಣೆ. ಹೊರಗಿನಿಂದ ಗೂಡು, ಒಳಗೆ ಅರಮನೆ. ಗುಟ್ಟು ತಿಳಿದವರನ್ನು ಹೊರಗೆ ಬಿಡಲೊಪ್ಪದ ಮುದುಕ ಯಂತ್ರ ಚಾಲೂ ಮಾಡಿಬಿಡುತ್ತಾನೆ. ಕೊನೆಯ ಚಿತ್ರದಲ್ಲಿ ಪೆಟ್ಟಿಗೆ ಬಂಜರು ಬಯಲಲ್ಲಿ ನಿಂತಿದೆ; ಅದರ ಮುಂದೆ ಯಾರದೋ ನೆರಳು ಬೀಳುತ್ತದೆ.

ಒಬ್ಬ ವೀಕ್ಷಕ, ನೌಕಾಪಡೆಯ ನಿವೃತ್ತ ಅಧಿಕಾರಿ, ಇದನ್ನು ವೆಲ್ಸ್‌ನ ಕಾಲಯಂತ್ರ, ಡಿಕನ್ಸ್‌ನ ಹಳೇ ಸಾಮಾನಿನ ಅಂಗಡಿ ಮತ್ತು ಮ್ಯಾಕ್ ಸೆನೆಟ್‌ನ ಮೂಕಿ ಹಾಸ್ಯಚಿತ್ರ ಸೇರಿಸಿ ಕಲಸಿದ್ದು ಎಂಬರ್ಥದ ಮಾತು ಹೇಳಿದ. ಹೊಗಳಿದನೋ ತೆಗಳಿದನೋ ತಿಳಿಯುವುದಿಲ್ಲ. ಆದರೆ ಅರವತ್ತು ವರ್ಷದ ಬಳಿಕವೂ ಈ ಧಾರಾವಾಹಿಯ ಗುಣವನ್ನು ಇಷ್ಟು ಚುಟುಕಾಗಿ ಹಿಡಿದ ಇನ್ನೊಂದು ಮಾತು ನನಗೆ ಸಿಕ್ಕಿಲ್ಲ. ಇನ್ನೊಬ್ಬರಿಗೆ ತಲೆಯ ಮೇಲೆ ದೀಪ ಮಿನುಗಿಸುತ್ತ ನಕ್ಷತ್ರಗಳ ನಡುವೆ ಹಾರುವ ಪೊಲೀಸ್ ಪೆಟ್ಟಿಗೆ ಎಂದರೆ ಶುದ್ಧ ಬೊಗಳೆ. ಬಾಯಿ ತುಂಬ ಹೊಗಳಿದವರು ಇರಲಿಲ್ಲವೆಂದಲ್ಲ. ಒಟ್ಟಾರೆ ಧ್ವನಿ ಮಾತ್ರ 'ಪರವಾಗಿಲ್ಲ, ಮಕ್ಕಳು ನೋಡಬಹುದು' ಎಂಬಂಥದ್ದು.

63 ಅಂದರೆ ನಿಜಕ್ಕೂ ಎಷ್ಟು? ಬಿಬಿಸಿಯ ಪ್ರೇಕ್ಷಕ ಸಂಶೋಧನೆ ರಾಬರ್ಟ್ ಸಿಲ್ವಿ ಎಂಬಾತ 1936ರಲ್ಲಿ ರೇಡಿಯೊಗಾಗಿ ಕಟ್ಟಿದ ವಿಭಾಗ. ಎಷ್ಟು ಜನ ನೋಡಿದರು ಎಂಬುದು ಒಂದು ಲೆಕ್ಕ, ನೋಡಿದವರಿಗೆ ಎಷ್ಟು ಹಿಡಿಸಿತು ಎಂಬುದು ಇನ್ನೊಂದು. ಇವೆರಡನ್ನು ಬೆರೆಸಬಾರದೆಂಬುದು ಸಿಲ್ವಿಯ ಹಟ. ಎರಡನೆಯದಕ್ಕಾಗಿ ವೀಕ್ಷಕರು ಎ ಪ್ಲಸ್‌ನಿಂದ ಸಿ ಮೈನಸ್‌ವರೆಗೆ ಐದು ದರ್ಜೆಗಳಲ್ಲಿ ಒಂದನ್ನು ಕೊಡುತ್ತಿದ್ದರು. ಎಲ್ಲರೂ ನಡುವಿನ ಬಿ ಕೊಟ್ಟರೆ ಸೂಚ್ಯಂಕ 50, ಎಲ್ಲರೂ ಎ ಕೊಟ್ಟರೆ 75. ಹಾಗಾದರೆ 63 ಎಂದರೆ ಎ ಮತ್ತು ಬಿಗಳ ನಟ್ಟನಡುವೆ. ಶಾಲೆಯ ಲೆಕ್ಕದಲ್ಲಿ ಪ್ರಥಮ ದರ್ಜೆಗೆ ಬಂದಂತೆ ಕಂಡರೂ, ಈ ಅಳತೆಗೋಲಿನಲ್ಲಿ ಅದು ಮಧ್ಯಮ.

ಈಗ ಕೆನಡಿಯ ಪ್ರಶ್ನೆಗೆ ಬರೋಣ. ದುಃಖದಿಂದ ಜನ ಟಿ.ವಿ. ಆರಿಸಿದ್ದರೆ ನೋಡಿದವರ ಸಂಖ್ಯೆ ಕುಸಿಯಬೇಕು, ನೋಡಿದವರ ಮೆಚ್ಚುಗೆ ಕುಸಿಯಬೇಕಿಲ್ಲ. ಸಂಖ್ಯೆಯ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ. ಕೆಲವು ಪ್ರದೇಶಗಳಲ್ಲಿ ಅಂದು ವಿದ್ಯುತ್ತೂ ಕೈಕೊಟ್ಟಿತ್ತು. ಅದಕ್ಕೇ ನವೆಂಬರ್ 30ರಂದು ಎರಡನೆಯ ಕಂತಿಗೆ ಸ್ವಲ್ಪ ಮೊದಲು ಮೊದಲನೆಯದನ್ನೇ ಇನ್ನೊಮ್ಮೆ ಹಾಕಿದರು. ಆಗ ನೋಡಿದವರು ಸುಮಾರು 60 ಲಕ್ಷ. ಬಿಬಿಸಿ ಹೀಗೆ ಒಂದು ವಾರದೊಳಗೆ ಕಂತನ್ನು ಮತ್ತೆ ಹಾಕುವುದು ಆ ಕಾಲದಲ್ಲಿ ಅಪರೂಪ. ಅದಾದ ಮೇಲೆ ಏನಾಯಿತು ನೋಡಿ. ಎರಡನೆಯ ಕಂತಿಗೆ 59 ಲಕ್ಷ, ಮೂರನೆಯದಕ್ಕೆ 69 ಲಕ್ಷ, ನಾಲ್ಕನೆಯದಕ್ಕೆ 64 ಲಕ್ಷ ವೀಕ್ಷಕರು. ಮೆಚ್ಚುಗೆಯ ಸೂಚ್ಯಂಕವೋ, 59, ಆಮೇಲೆ 56, ಆಮೇಲೆ 55. ಕೆನಡಿಯ ಅಂತ್ಯಕ್ರಿಯೆ ಮುಗಿದು, ಜಗತ್ತು ತನ್ನ ಕೆಲಸಕ್ಕೆ ಮರಳಿ, ಡಿಸೆಂಬರ್ ನಡುವಿಗೆ ಬಂದರೂ ಮೆಚ್ಚುಗೆ ಇಳಿಯುತ್ತಲೇ ಇತ್ತು. ದೇಶವೇ ಸೂತಕದಲ್ಲಿದ್ದ ದಿನ ನೋಡಿದವರೇ ಹೆಚ್ಚು ಅಂಕ ಕೊಟ್ಟಿದ್ದರು.

ಕಾರಣ ತೆರೆಯ ಮೇಲೇ ಇತ್ತು. ಮೊದಲ ಕಂತಿನ ಗೂಢ ಲೋಕ ಎರಡನೆಯ ಕಂತಿನಲ್ಲಿ ಗುಹೆಯೊಳಗೆ ಹೊಕ್ಕು ಕೂತುಬಿಟ್ಟಿತು. ತೊಗಲು ಹೊದ್ದ, ಕೆದರಿದ ವಿಗ್ ತೊಟ್ಟ ನಟರು ಬೆಂಕಿ ಯಾರು ಮಾಡಬಲ್ಲರು, ನಾಯಕ ಯಾರಾಗಬೇಕು ಎಂದು ಮೂರು ವಾರ ಕಚ್ಚಾಡಿದರು. ನಮ್ಮ ಯಾತ್ರಿಕರು ಕಟ್ಟಿಹಾಕಿಸಿಕೊಂಡರು, ತಪ್ಪಿಸಿಕೊಂಡರು, ಸಿಕ್ಕಿಬಿದ್ದರು, ಮತ್ತೆ ತಪ್ಪಿಸಿಕೊಂಡರು. 'ಗಾರ್ಡಿಯನ್' ಪತ್ರಿಕೆಯ ಮೇರಿ ಕ್ರೋಜಿಯರ್ ಎರಡನೇ ಕಂತು ಬಂದ ಬೆನ್ನಿಗೇ ಬರೆದ ವಿಮರ್ಶೆಯಲ್ಲಿ, ಶುರುವಾದ ಸ್ವಲ್ಪದರಲ್ಲೇ ಧಾರಾವಾಹಿ ಮುಗ್ಗರಿಸಿದೆ, ಆ ವಿಗ್ಗುಗಳೂ ತೊಗಲೂ ದೊಣ್ಣೆಗಳೂ ನಗು ತರಿಸುತ್ತವೆ ಎಂಬ ಧಾಟಿಯಲ್ಲಿ ಚುಚ್ಚಿದರು. ಕಟುವಾದರೂ ಅನ್ಯಾಯದ ಮಾತಲ್ಲ. ಬೆಂಕಿಯ ಗುಟ್ಟು ಗೊತ್ತಿದ್ದವನೇ ಅರಸ ಎಂಬ ಎಳೆಯಲ್ಲಿ ಅಣುಬಾಂಬಿನ ಯುಗದ ಧ್ವನಿ ಇದೆ ಎಂದು ಇತ್ತೀಚೆಗೆ ಕೆಲವರು ವಾದಿಸುತ್ತಾರೆ. ಇರಬಹುದು. ಶನಿವಾರದ ಚಹಾದ ಜೊತೆ ಅದನ್ನು ಹುಡುಕುವ ತಾಳ್ಮೆ ಯಾರಿಗಿತ್ತು?

ಮೊದಲ ಕಂತಿಗೂ 63ಕ್ಕಿಂತ ಹೆಚ್ಚು ಬರಬೇಕಿತ್ತು ಎಂದು ಇಂದು ಅನಿಸುವುದು ಸಹಜ. ಹುಸೇನನ ಕ್ಯಾಮೆರಾ ಆ ಇಕ್ಕಟ್ಟಿನಲ್ಲೂ ಮುಖಗಳ ಹತ್ತಿರ ಹತ್ತಿರ ಸರಿಯುವ ರೀತಿ, ಶಾಲೆಯ ನೆನಪಿನ ದೃಶ್ಯಗಳಲ್ಲಿ ನೋಡುವವರೇ ಮೇಷ್ಟ್ರ ಜಾಗದಲ್ಲಿ ನಿಂತಂತೆ ಸೂಸನ್ ನೇರ ನಮ್ಮತ್ತ ನೋಡಿ ಮಾತಾಡುವುದು, ಇವೆಲ್ಲ ಆ ಕಾಲದ ಟಿ.ವಿ. ನಾಟಕಗಳಲ್ಲಿ ಸುಲಭಕ್ಕೆ ಸಿಗುವಂಥವಲ್ಲ. ಆದರೆ ಅಂದಿನವರ ಕಡೆಯಿಂದಲೂ ನೋಡಬೇಕು. ಕುಟುಂಬದವರೆಲ್ಲ ಕೂತು ನೋಡುವ ಹೊತ್ತಿಗೆ ನಾಯಕ ಯಾರೆಂದೇ ತಿಳಿಯದ ಕಥೆ. ಹೆಸರಿಗೆ ತಕ್ಕ ಡಾಕ್ಟರ್ ಬರುವುದೇ ಅರ್ಧ ಕಂತು ಕಳೆದ ಮೇಲೆ. ಬಂದವನು ಸುಳ್ಳು ಹೇಳುತ್ತಾನೆ, ಅಣಕಿಸುತ್ತಾನೆ, ಕೊನೆಗೆ ಇಬ್ಬರು ಸಜ್ಜನ ಮೇಷ್ಟ್ರುಗಳನ್ನು ಅಪಹರಿಸುತ್ತಾನೆ. ಮುಂದೆ ಹತ್ತಾರು ಲೋಕಗಳನ್ನು ಕಾಪಾಡುವ ಪುಣ್ಯಾತ್ಮ ಇವನೇ ಎಂದು ನಮಗೆ ಗೊತ್ತಿದೆ, ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಎ-ಬಿ ನಡುವಿನ ಅಂಕ ಕೊಟ್ಟದ್ದು ಉದಾರವೇ ಅನ್ನಬೇಕು.

ಇನ್ನೊಂದು ದಂತಕಥೆ: ಜನರ ತಣ್ಣಗಿನ ಪ್ರತಿಕ್ರಿಯೆ ಕಂಡು ತಂಡ ಎಚ್ಚೆತ್ತು ಡಾಲೆಕ್‌ಗಳನ್ನು ತಂದಿತು, ಧಾರಾವಾಹಿ ಉಳಿಯಿತು. ದಿನಾಂಕಗಳು ಇದನ್ನು ಒಪ್ಪುವುದಿಲ್ಲ. ಡಾಲೆಕ್‌ಗಳು ಟೇಪಿಗೆ ಇಳಿದದ್ದು ನವೆಂಬರ್ 22ರಂದು, ಮೊದಲ ಕಂತನ್ನು ಒಬ್ಬನೇ ಒಬ್ಬ ವೀಕ್ಷಕ ನೋಡುವ ಮೊದಲೇ. ಟೆರ್ರಿ ನೇಶನ್ ಬರೆದ ಆ ಕಥೆಯೂ ಬೇರೇನೂ ಕೈಯಲ್ಲಿಲ್ಲದ್ದರಿಂದಲೇ ಒಳಗೆ ಬಂದದ್ದು. ವಿಲ್ಸನ್‌ಗೆ ಅದು ಸೇರಿರಲಿಲ್ಲ, ಬೇಡವೆಂದಿದ್ದ. ಉಬ್ಬುಗಣ್ಣಿನ ರಾಕ್ಷಸರು ಬೇಡವೆಂದಿದ್ದ ನ್ಯೂಮನ್ ನೋಡಿ ಕೆಂಡವಾದ. ಲ್ಯಾಂಬರ್ಟ್ ಪಟ್ಟು ಬಿಡಲಿಲ್ಲ. ಅಂದರೆ ಧಾರಾವಾಹಿಯನ್ನು ಬೀಳಿಸಿದ ಗುಹೆಯೂ ಎತ್ತಿದ ಡಾಲೆಕ್‌ಗಳೂ ಬಂದದ್ದು ಒಂದೇ ಬಾಗಿಲಿನಿಂದ, ಬೇರೆ ಕಥೆ ಸಿದ್ಧವಿಲ್ಲದ ಬಾಗಿಲಿನಿಂದ.

ಡಿಸೆಂಬರ್ 21ರಂದು ಶುರುವಾದ ಆ ಏಳು ಕಂತುಗಳ ಕಥೆ 69 ಲಕ್ಷದಿಂದ ಹೊರಟು ಫೆಬ್ರವರಿ ಮೊದಲ ದಿನ ಮುಗಿಯುವಾಗ 1 ಕೋಟಿ 4 ಲಕ್ಷ ಮುಟ್ಟಿತ್ತು. ವಿನ್ಯಾಸಕ ರೇಮಂಡ್ ಕ್ಯೂಸಿಕ್ ಕಾಲಿಲ್ಲದೆ ಜಾರುವಂತೆ ರೂಪಿಸಿದ ಆ ಲೋಹದ ಜೀವಿಗಳನ್ನು ಮಕ್ಕಳು ಶಾಲೆಯ ಅಂಗಳಗಳಲ್ಲಿ ಕೈ ಚಾಚಿ ಕಿರಿಚುತ್ತ ಅನುಕರಿಸಿದರು. ಮೆಚ್ಚುಗೆಯ ಸೂಚ್ಯಂಕ ಎಲ್ಲಿಗೆ ಹಾರಿತು? ಮೊದಲ ಡಾಲೆಕ್ ಕಂತಿಗೆ 59, ಎರಡನೆಯದಕ್ಕೆ 58. ಆಮೇಲೆ ನಿಧಾನಕ್ಕೆ ಏರಿ ಕೊನೆಯ ಕಂತಿಗೆ 65. ನೋಡುವವರು ಎರಡು ಪಟ್ಟಿಗೂ ಹೆಚ್ಚಾದರು. ಅವರ ಮೆಚ್ಚುಗೆ ಮಾತ್ರ ಯಾರ ಗಮನಕ್ಕೂ ಬಾರದ ಆ ಮೊದಲ ಸಂಜೆಗಿಂತ ಎರಡೇ ಅಂಕ ಮೇಲೆ. ಇಡೀ ಬ್ರಿಟನ್ ಡಾಲೆಕ್ ಹುಚ್ಚು ಹಿಡಿಸಿಕೊಂಡಿತ್ತು ಎಂದು ನಾವು ಓದುವ ದಿನಗಳಲ್ಲೂ ಮನೆಯ ದೊಡ್ಡವರು ಪ್ರಶ್ನಾವಳಿ ತುಂಬುವಾಗ 'ಪರವಾಗಿಲ್ಲ' ಎಂದೇ ಬರೆಯುತ್ತಿದ್ದರು. ಸೂಚ್ಯಂಕದ ಪಟ್ಟಿಯಲ್ಲಿ ಚಿಕ್ಕ ಮಕ್ಕಳ ದನಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಮರುವಾರವೂ ಇದೇ ಬೇಕೆಂದು ಅವರು ಹಟ ಹಿಡಿದರೆ ದೊಡ್ಡವರ ಎ-ಬಿಗಳಿಗೆ ಬೆಲೆಯಿಲ್ಲ, ಟಿ.ವಿ.ಯ ಗುಂಡಿ ತಿರುಗುವುದು ಯಾರ ಹಟಕ್ಕೆ ಎಂಬುದು ಎಲ್ಲ ಮನೆಗಳಿಗೂ ಗೊತ್ತು.

ಹುಸೇನ್ 1964ರಲ್ಲಿ ಮಾರ್ಕೊ ಪೋಲೊ ಕಥೆಯ ಬಹುತೇಕ ಕಂತುಗಳನ್ನು ನಿರ್ದೇಶಿಸಿ ಡಾಕ್ಟರನಿಗೆ ವಿದಾಯ ಹೇಳಿದ. 1965ರಲ್ಲಿ ಬಿಬಿಸಿಗಾಗಿ 'ಎ ಪ್ಯಾಸೇಜ್ ಟು ಇಂಡಿಯಾ' ಮಾಡಿದ, ಮುಂದೆ 'ಎಡ್ವರ್ಡ್ ಆ್ಯಂಡ್ ಮಿಸೆಸ್ ಸಿಂಪ್ಸನ್' ಅವನಿಗೆ ಬಾಫ್ಟಾ ಪ್ರಶಸ್ತಿ ತಂದಿತು. ಲ್ಯಾಂಬರ್ಟ್ ಬ್ರಿಟಿಷ್ ಟಿ.ವಿ.ಯ ದೊಡ್ಡ ನಿರ್ಮಾಪಕಿಯರಲ್ಲಿ ಒಬ್ಬಳಾಗಿ ಬೆಳೆದಳು. ತೀರಿಕೊಂಡದ್ದು 2007ರ ನವೆಂಬರ್ 22ರಂದು. ಟೇಪು ದುಬಾರಿ, ಮತ್ತೆ ಹಾಕುವ ಹಕ್ಕಿಗೆ ನಟರಿಗೆ ದುಡ್ಡು ಕೊಡಬೇಕು ಎಂಬ ಕಾರಣಗಳಿಂದ ಬಿಬಿಸಿ ಹಳೆಯ ಟೇಪುಗಳನ್ನು ಅಳಿಸಿತು. ಮಾರ್ಕೊ ಪೋಲೊವಿನ ಏಳೂ ಕಂತುಗಳು ಹೋದವು, ಧ್ವನಿ ಉಳಿದಿದೆ. ಯಾರಿಗೂ ಬೇಡವಾಗಿದ್ದ ಗುಹಾಮಾನವರು ಮಾತ್ರ ವಿದೇಶಗಳಿಗೆ ಮಾರಲು ಮಾಡಿಕೊಂಡ 16 ಮಿಲಿಮೀಟರ್ ಫಿಲ್ಮಿನಲ್ಲಿ ಇಡಿಯಾಗಿ ಉಳಿದುಕೊಂಡರು.

ಮೊದಲ ಕಥೆಯನ್ನು ಬ್ರಿಟನ್ 1981ರ ನವೆಂಬರಿನಲ್ಲಿ ಬಿಬಿಸಿ 2ರ ಮರುಪ್ರಸಾರದಲ್ಲಿ ಮತ್ತೆ ನೋಡಿತು. ನ್ಯೂಮನ್ ತಿರಸ್ಕರಿಸಿದ ಮೊದಲ ಯತ್ನ ಪರದೆ ಕಂಡದ್ದು 1991ರ ಆಗಸ್ಟ್‌ನಲ್ಲಿ, ಲೈಮ್ ಗ್ರೋವ್ ಸ್ಟುಡಿಯೊಗೆ ಬಿಬಿಸಿ ವಿದಾಯ ಹೇಳಿದ ದಿನದ ಕಾರ್ಯಕ್ರಮದಲ್ಲಿ. 2013ರಲ್ಲಿ ಮಾರ್ಕ್ ಗೇಟಿಸ್ ಈ ಹುಟ್ಟಿನ ಕಥೆಯನ್ನೇ 'ಆ್ಯನ್ ಅಡ್ವೆಂಚರ್ ಇನ್ ಸ್ಪೇಸ್ ಆ್ಯಂಡ್ ಟೈಮ್' ಎಂಬ ನಾಟಕವಾಗಿಸಿದ. ಅದರಲ್ಲಿ ಹುಸೇನನ ಪಾತ್ರ ಮಾಡಿದ್ದು ಸಾಚಾ ಧವನ್. 2023ರಲ್ಲಿ ಅರವತ್ತು ತುಂಬಿದ ಸಂಭ್ರಮಕ್ಕೆ ಬಿಬಿಸಿ ತನ್ನ ಐಪ್ಲೇಯರಿನಲ್ಲಿ 800ಕ್ಕೂ ಹೆಚ್ಚು ಹಳೆಯ ಕಂತುಗಳನ್ನು ಒಟ್ಟಿಗೆ ಹಾಕಿತು. ಕಥೆಗಾರ ಕೋಬರ್ನ್‌ನ ಹಕ್ಕುಗಳ ವಿಚಾರದಲ್ಲಿ ಒಪ್ಪಂದ ಕುದುರದ್ದರಿಂದ ಮೊದಲ ನಾಲ್ಕು ಅಲ್ಲಿರಲಿಲ್ಲ. ಹೊಸದಾಗಿ ನೋಡಲು ಕೂತವರಿಗೆ ಧಾರಾವಾಹಿ ಶುರುವಾದದ್ದೇ ಡಾಲೆಕ್‌ಗಳಿಂದ.

ನೋಡಲೇಬೇಕೆನ್ನುವವರು 2006ರಲ್ಲಿ ಬಂದ ಡಿವಿಡಿಯನ್ನು ಹುಡುಕಬೇಕು. ಅದರಲ್ಲಿ ಬಾಗಿಲು ಬಡಿದಾಡುವ ಸೆಪ್ಟೆಂಬರಿನ ಯತ್ನವೂ ಇದೆ, ನವೆಂಬರಿನಲ್ಲಿ ಜನ ಕಂಡದ್ದೂ ಇದೆ. ಎರಡನ್ನೂ ಒಂದರ ಹಿಂದೊಂದು ನೋಡಿ. ಎರಡನೆಯ ಕಂತಿನಿಂದ ಮುಂದಕ್ಕೆ ಕೈಯಲ್ಲಿ ರಿಮೋಟ್ ಇರಲಿ.